ಮಂಗನ ಕಾಯಿಲೆಯ ಲಸಿಕೆ ಎಲ್ಲಿ ತಡೆದು ನಿಂತಿದೆ? ಮಲೆನಾಡಿಗೆ ಬೇಕಾದ ಎಂಜಿನಿಯರುಗಳ ಬಗ್ಗೆ

ಮಳೆ ಹಿಂದೆ ಸರಿದು ಅಡಿಕೆ ಕೊಯ್ಲು ಮುಗಿಯುತ್ತ ಬರುವಾಗ ಮಲೆನಾಡಿನಲ್ಲಿ ಇನ್ನೊಂದು ಕಾಲ, ಮಂಗನ ಕಾಯಿಲೆಯ ಕಾಲ, ಶುರುವಾಗುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿನ ನೆಲದಲ್ಲಿ ಈ ಕಾಯಿಲೆಯ ವೈರಸ್ ಹರಡುವ ಉಣುಗಿನ ಮರಿಗಳು ಹೆಚ್ಚು. ದರಗು ಗುಡಿಸಲು, ಕೊಟ್ಟಿಗೆಗೆ ಸೊಪ್ಪು ತರಲು, ತಪ್ಪಿಸಿಕೊಂಡ ದನ ಹುಡುಕಲು ಹೋದವರ ಮೈಗೆ ಅವು ಹತ್ತುತ್ತವೆ. ಎಲ್ಲೋ ಒಂದು ಮಂಗ ಸತ್ತು ಬಿದ್ದಿದೆ ಎಂದರೆ ಊರಿಗೆ ಊರೇ ಆತಂಕಕ್ಕೆ ಬೀಳುತ್ತದೆ. ಸಾಗರ ತಾಲ್ಲೂಕಿನ ಅರಳಗೋಡಿನವರಿಗೆ 2018-19ರ ಬೇಸಿಗೆಯನ್ನು ನೆನಪಿಸಬೇಕಾಗಿಲ್ಲ. ಸೋಂಕು ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುವ ಕಾಯಿಲೆ ಇದು. ಇದಕ್ಕೆಂದೇ ಇರುವ ಔಷಧಿ ಇಲ್ಲ. ಇದ್ದ ಒಂದು ಲಸಿಕೆಯನ್ನು ರಕ್ಷಣೆ ಸಾಲದು ಎಂಬ ಕಾರಣಕ್ಕೆ 2022ರಲ್ಲಿ ನಿಲ್ಲಿಸಲಾಯಿತು.

ಹೊಸ ಲಸಿಕೆಯ ಕೆಲಸ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿ ಸೇರಿ ಎರಡು ಡೋಸಿನ ನಿಷ್ಕ್ರಿಯ (ಕೊಂದ ವೈರಸ್ಸಿನ) ಲಸಿಕೆಯನ್ನು ರೂಪಿಸಿವೆ. ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿ ಅದು ಮನುಷ್ಯರ ಮೇಲಿನ ಮೊದಲ ಹಂತಕ್ಕೆ ಬಂದಿದೆ. ಆದರೆ ವೈರಸ್ ಪತ್ತೆಯಾಗಿದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಷ್ಟು ವರ್ಷ ಯಾಕೆ ಬೇಕಾಯಿತು ಎಂದು ಕೇಳಿದರೆ ಹೆಚ್ಚಿನವರು ವೈರಸ್ಸಿನ ವಿಜ್ಞಾನ ಕಷ್ಟ ಎಂದುಕೊಳ್ಳುತ್ತಾರೆ. ವಿಜ್ಞಾನದ ಮುಖ್ಯ ಭಾಗ 1960ರ ದಶಕದಲ್ಲೇ ತಿಳಿದಿತ್ತು. ಕಷ್ಟವಿರುವುದು ತಯಾರಿಕೆಯಲ್ಲಿ. ಒಂದೇ ಗುಣದ ಲಸಿಕೆಯನ್ನು ನೂರಾರು ಲೀಟರ್ ಪ್ರಮಾಣದಲ್ಲಿ, ವರ್ಷ ವರ್ಷವೂ, ಒಂದು ಬ್ಯಾಚಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲದಂತೆ ಮಾಡುವ ವಿದ್ಯೆಗೆ ಕೆಮಿಕಲ್ ಮತ್ತು ಜೈವಿಕ ಎಂಜಿನಿಯರಿಂಗ್ ಎಂದು ಹೆಸರು. ಶಿವಮೊಗ್ಗದ ಪಿಯುಸಿ ಹುಡುಗ ಹುಡುಗಿಯರು ಸಿಇಟಿ ಆಯ್ಕೆಪಟ್ಟಿಯಲ್ಲಿ ಕೊನೆಗೆ ಬರೆಯುವ ಶಾಖೆಗಳಲ್ಲಿ ಇವೂ ಸೇರಿವೆ.

ಹಳೆಯ ಲಸಿಕೆಯ ಲೆಕ್ಕ ನೋಡೋಣ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ ಫಾರ್ಮಲಿನ್ (ಫಾರ್ಮಾಲ್ಡಿಹೈಡಿನ ದ್ರಾವಣ) ಹಾಕಿ ಕೊಂದ ಲಸಿಕೆ ಅದು; ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಪಶು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. 1990-92ರ ಕ್ಷೇತ್ರ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಲ್ಲಿ ಶೇ 93.5ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರವರೆಗಿನ ಮಾಹಿತಿ ಹಿಡಿದು ಮಾಡಿದ ಅಧ್ಯಯನದಲ್ಲಿ ಎರಡು ಡೋಸಿಗೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9. ಎರಡೂ ಅಧ್ಯಯನಗಳ ವಿಧಾನ ಬೇರೆಯಾದ್ದರಿಂದ ಅಂಕಿಗೆ ಅಂಕಿ ಹೋಲಿಸುವುದು ಪೂರ್ತಿ ನ್ಯಾಯವಲ್ಲ. ಆದರೂ ಇಳಿಕೆ ದೊಡ್ಡದು. ಮೇಲಿಂದ, ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಮತ್ತೆ ಐದು ವರ್ಷ ಪ್ರತಿ ವರ್ಷ ಒಂದೊಂದು. ಚುಚ್ಚಿದ ಜಾಗ ನೋಯುತ್ತಿತ್ತು. ಕೂಲಿ ಬಿಟ್ಟು ಮತ್ತೆ ಮತ್ತೆ ಬಂದು ತೋಳು ಒಡ್ಡುವವರು ಕಡಿಮೆಯಾದದ್ದು ಸಹಜ.

ಈಗ ಆಸ್ಟ್ರಿಯಾ ಕಡೆ ನೋಡಿ. ಅಲ್ಲಿನ ಕಾಡುಗಳಲ್ಲೂ ಉಣುಗಿನಿಂದ ಬರುವ ಮಿದುಳು ಜ್ವರವಿದೆ. ಅದರ ವೈರಸ್ ನಮ್ಮ ಮಂಗನ ಕಾಯಿಲೆ ವೈರಸ್ಸಿನ ದಾಯಾದಿ. ಅದರ ಲಸಿಕೆಯೂ ಕೋಳಿ ಭ್ರೂಣದ ಜೀವಕೋಶದಲ್ಲೇ ಬೆಳೆಯುತ್ತದೆ, ಅದನ್ನೂ ಫಾರ್ಮಾಲ್ಡಿಹೈಡಿನಿಂದಲೇ ಕೊಲ್ಲುತ್ತಾರೆ. 1976ರಲ್ಲಿ ಬಂದ ಆ ಲಸಿಕೆಯ ಶುದ್ಧೀಕರಣವನ್ನು 1980ರಲ್ಲಿ ಇನ್ನಷ್ಟು ಬಿಗಿಗೊಳಿಸಿದರು. ನಿಯಮದಂತೆ ಡೋಸ್ ಪಡೆದವರಲ್ಲಿ ಅದರ ರಕ್ಷಣೆ ಶೇ 95ಕ್ಕೂ ಮೇಲು. ಅದೇ ಬಗೆಯ ಜೀವಕೋಶ, ಅದೇ ರಾಸಾಯನಿಕ, ಹತ್ತಿರದ ವೈರಸ್. ಅಲ್ಲಿ ಬೇರೆಯಾಗಿರುವುದು ಮುಂದಿನ ಹೆಜ್ಜೆಗಳು: ಬೆಳೆದ ದ್ರವವನ್ನು ಅತಿವೇಗದಲ್ಲಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಸಕ್ಕರೆ ದ್ರಾವಣದ ಪದರಗಳ ಮೂಲಕ ಹಾಯಿಸಿ ವೈರಸ್ಸನ್ನು ಬೇರ್ಪಡಿಸುತ್ತಾರೆ, ಡೋಸಿಗೆ 2.4 ಮೈಕ್ರೊಗ್ರಾಂ ಎಂದು ಅಳೆದು ಹಾಕುತ್ತಾರೆ, ಲಸಿಕೆಗೆ ದೇಹದ ಪ್ರತಿಕ್ರಿಯೆ ಹೆಚ್ಚಿಸುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕಣಗಳ ಮೇಲೆ ಅದನ್ನು ಕೂರಿಸುತ್ತಾರೆ. ಅಂತರ ಹುಟ್ಟುವುದು ಬಹುಪಾಲು ಇಲ್ಲೇ ಎಂಬುದು ನಮ್ಮ ಅಭಿಪ್ರಾಯ.

ಅಡಿಕೆ ಬೇಯಿಸುವ ಮನೆಯವರಿಗೆ ಇದರ ಮೂಲಸೂತ್ರ ಹೊಸದಲ್ಲ. ಒಂದೇ ತೋಟದ ಅಡಿಕೆ, ಒಂದೇ ಹಂಡೆ. ಆದರೆ ಚೊಗರು (ಅಡಿಕೆ ಬೇಯಿಸಿದ ಕಂದು ನೀರು) ಎಷ್ಟು ಹಳತು, ಎಷ್ಟು ಗಟ್ಟಿ, ಉರಿ ಎಷ್ಟು ಹೊತ್ತು ಎಂಬುದರ ಮೇಲೆ ಒಂದು ಒಬ್ಬೆಯ (ಒಂದು ಸಲ ಬೇಯಿಸಿದ ಅಡಿಕೆಯ) ಬಣ್ಣ ಇನ್ನೊಂದಕ್ಕೆ ಬರುವುದಿಲ್ಲ. ಅಡಿಕೆಯಲ್ಲಿ ವ್ಯತ್ಯಾಸವಾದರೆ ದರ ಕುಸಿಯುತ್ತದೆ. ಲಸಿಕೆಯಲ್ಲಾದರೆ, ತನಗೆ ರಕ್ಷಣೆ ಇದೆ ಎಂದು ನಂಬಿ ಕಾಡಿಗೆ ಹೋದವನ ಜೀವ ಹೋಗುತ್ತದೆ.

ವೈರಸ್ ತಾನಾಗಿ ಬೆಳೆಯದು, ಅದಕ್ಕೆ ಜೀವಕೋಶ ಬೇಕು. ಲಸಿಕೆಗೆ ಬಳಸುವ ಬಹಳಷ್ಟು ಜೀವಕೋಶಗಳಿಗೆ ಅಂಟಿಕೊಳ್ಳಲು ಮೇಲ್ಮೈ ಬೇಕು. ಹಳೆಯ ಕ್ರಮದಲ್ಲಿ ಗಾಜು ಅಥವಾ ಪ್ಲಾಸ್ಟಿಕ್ಕಿನ ಉರುಳು ಬಾಟಲಿಗಳ ಒಳಗೋಡೆಯೇ ಆ ಮೇಲ್ಮೈ. ಸಾಮಾನ್ಯ ಬಾಟಲಿಯೊಂದರಲ್ಲಿ 850 ಚದರ ಸೆಂಟಿಮೀಟರ್ ಸಿಗುತ್ತದೆ. ಇದರ ಬದಲು ಕೂದಲೆಳೆಯ ಎರಡು ಮೂರು ಪಟ್ಟು ದಪ್ಪದ, ಸುಮಾರು 0.2 ಮಿಲಿಮೀಟರಿನ ಡೆಕ್ಸ್‌ಟ್ರಾನ್ (ಸಕ್ಕರೆ ಕಣಗಳ ಸರಪಳಿಯಿಂದಾದ ವಸ್ತು) ಮಣಿಗಳನ್ನು ದ್ರವದಲ್ಲಿ ತೇಲಿಸಿ ಮೆಲ್ಲಗೆ ಕಲಕುತ್ತ ಹೋದರೆ, ಪ್ರತಿ ಮಣಿಯ ಮೈಮೇಲೂ ಜೀವಕೋಶ ಕೂರುತ್ತದೆ. ಇಂಥ ಮಣಿಯ ಒಂದು ಗ್ರಾಂನಲ್ಲಿ ಸುಮಾರು 4,400 ಚದರ ಸೆಂಟಿಮೀಟರ್ ಮೇಲ್ಮೈ. ಲೀಟರಿಗೆ 3 ಗ್ರಾಂ ಹಾಕಿದರೆ 13,200, ಅಂದರೆ ಹದಿನೈದು ಬಾಟಲಿಗೆ ಸಮ. 200 ಲೀಟರಿನ ಒಂದು ಉಕ್ಕಿನ ಪಾತ್ರೆ ಸುಮಾರು 3,100 ಬಾಟಲಿಗಳ ಕೆಲಸ ಮಾಡುತ್ತದೆ. ಬಾಟಲಿಯ ದಾರಿಯಲ್ಲಿ ಪ್ರತಿಯೊಂದನ್ನೂ ಕನಿಷ್ಠ ಮೂರು ಸಲ ತೆರೆಯಬೇಕು: ಜೀವಕೋಶ ಬಿತ್ತುವಾಗ, ವೈರಸ್ ಹಾಕುವಾಗ, ಕೊಯ್ಯುವಾಗ. ಸಾವಿರ ಸಲ ತೆರೆದರೆ ಒಂದು ಸಲ ಬ್ಯಾಕ್ಟೀರಿಯಾ ಹೊಕ್ಕಿತು ಎಂದಿಟ್ಟುಕೊಂಡರೂ ಒಂದು ಬ್ಯಾಚಿನಲ್ಲಿ ಒಂಬತ್ತು ಬಾಟಲಿ ಕೆಟ್ಟಿರುತ್ತವೆ. ಆ ಒಂಬತ್ತರಲ್ಲಿ ಒಂದು ಕಣ್ಣಿಗೆ ಬೀಳದೆ ಒಟ್ಟುಗೂಡಿಸಿದ ದ್ರವಕ್ಕೆ ಸೇರಿದರೆ ಪೂರ್ತಿ ಬ್ಯಾಚ್ ಚೆಲ್ಲಬೇಕು.

ಮಣಿಯ ದಾರಿಯಲ್ಲೂ ತೊಡಕುಗಳಿವೆ. ನಿಧಾನ ಕಲಕಿದರೆ ಮಣಿಗಳು ತಳಕ್ಕೆ ಕೂತು ಜೀವಕೋಶಗಳಿಗೆ ಆಮ್ಲಜನಕ ಸಾಲದು. ಜೋರಾಗಿ ಕಲಕಿದರೆ ದ್ರವದಲ್ಲಿ ಹುಟ್ಟುವ ಸುಳಿಗಳು ಮಣಿಗಿಂತ ಚಿಕ್ಕದಾಗಿ ಜೀವಕೋಶವನ್ನು ಕೆರೆದು ಕಿತ್ತುಹಾಕುತ್ತವೆ. ತಳದಿಂದ ಗಾಳಿಗುಳ್ಳೆ ಬಿಟ್ಟರೆ ಗುಳ್ಳೆ ಒಡೆಯುವ ಜಾಗದಲ್ಲಿ ಜೀವಕೋಶ ಸಾಯುತ್ತದೆ. ಉಷ್ಣತೆ 37 ಡಿಗ್ರಿ, ಪಿಎಚ್ (ಆಮ್ಲ-ಕ್ಷಾರದ ಅಳತೆ) 7.2ರ ಆಸುಪಾಸು, ಕರಗಿದ ಆಮ್ಲಜನಕ ಶೇ 30ರಿಂದ 50, ಇವೆಲ್ಲ ಒಟ್ಟಿಗೆ ನಿಲ್ಲಬೇಕು.

ಪ್ರಯೋಗಾಲಯದಲ್ಲಿ ಗೆದ್ದದ್ದು ಕಾರ್ಖಾನೆಯಲ್ಲಿ ಸೋಲುವುದು ಗಾತ್ರ ಹೆಚ್ಚಿಸುವಾಗ. 2 ಲೀಟರಿನ ಪಾತ್ರೆಯಲ್ಲಿ ನಿಮಿಷಕ್ಕೆ 60 ಸುತ್ತು ಕಲಕಿದರೆ ಚೆನ್ನಾಗಿ ಬೆಳೆಯಿತು ಎಂದುಕೊಳ್ಳಿ. 200 ಲೀಟರಿಗೆ ಹೋದಾಗ ಪಾತ್ರೆಯ ಆಕಾರ ಹಾಗೇ ಉಳಿದರೆ ಅಡ್ಡಳತೆ 4.64 ಪಟ್ಟಾಗುತ್ತದೆ. ಪ್ರತಿ ಲೀಟರಿಗೆ ಅದೇ ಶಕ್ತಿ ಕೊಡಬೇಕೆಂದರೆ ವೇಗ 2.78 ಪಟ್ಟು ಇಳಿದು 21-22 ಸುತ್ತಿಗೆ ಬರಬೇಕು. ಆಗಲೂ ರೆಕ್ಕೆಯ ತುದಿಯ ವೇಗ 1.67 ಪಟ್ಟು ಏರಿರುತ್ತದೆ, ಅಂದರೆ ಜೀವಕೋಶಕ್ಕೆ ಪೆಟ್ಟು ಹೆಚ್ಚು. ಪೂರ್ತಿ ಕಲಸಲು ಹಿಡಿಯುವ ಸಮಯವೂ 2.78 ಪಟ್ಟು. ಮೇಲಿನಿಂದ ಕ್ಷಾರ ಸುರಿದರೆ ಅದು ಹರಡುವ ಮೊದಲೇ ಆ ಮೂಲೆಯ ಜೀವಕೋಶಗಳು ಸುಟ್ಟುಹೋಗಿರುತ್ತವೆ. ಎಲ್ಲ ಅಳತೆಗಳನ್ನೂ ಒಟ್ಟಿಗೆ ಕಾಪಾಡಲು ಸಾಧ್ಯವೇ ಇಲ್ಲ. ಯಾವುದನ್ನು ಉಳಿಸಿಕೊಂಡು ಯಾವುದನ್ನು ಬಿಟ್ಟುಕೊಡಬೇಕೆಂದು ನಿರ್ಧರಿಸುವುದೇ ಈ ಎಂಜಿನಿಯರನ ಕಸುಬು.

ಮುಂದಿನದು ವೈರಸ್ಸನ್ನು ಕೊಲ್ಲುವ ಹೆಜ್ಜೆ. ಇದರಷ್ಟು ಜವಾಬ್ದಾರಿಯ ಕೆಲಸ ಈ ಸರಪಳಿಯಲ್ಲಿ ಇನ್ನೊಂದಿಲ್ಲ. ಒಂದು ಮಿಲಿಲೀಟರಿನಲ್ಲಿ ಹತ್ತು ಕೋಟಿ ವೈರಸ್ ಇದೆ, ಪ್ರತಿ 2 ಗಂಟೆಗೆ ಹತ್ತರಲ್ಲಿ ಒಂದು ಪಾಲಷ್ಟೇ ಬದುಕಿ ಉಳಿಯುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. 16 ಗಂಟೆಗೆ ಮಿಲಿಲೀಟರಿಗೆ ಒಂದು ಉಳಿಯುತ್ತದೆ. ಆದರೆ ಪಾತ್ರೆಯಲ್ಲಿರುವುದು 100 ಲೀಟರ್, ಅಂದರೆ ಒಂದು ಲಕ್ಷ ಮಿಲಿಲೀಟರ್. ಇಡೀ ಪಾತ್ರೆಯಲ್ಲಿ ಒಂದೇ ಒಂದು ಉಳಿಯಲು ಇನ್ನೂ 10 ಗಂಟೆ ಬೇಕು. ಅಂಥ ಹತ್ತು ಲಕ್ಷ ಪಾತ್ರೆಗಳಲ್ಲಿ ಒಂದು ಉಳಿದೀತು ಎಂಬ ಭದ್ರತೆ ಬೇಕಾದರೆ ಮತ್ತೆ 12. ಒಟ್ಟು 38 ಗಂಟೆ.

ಕಾಗದದ ಮೇಲೆ ಇದು ನೇರ ಗೆರೆ. ನಿಜದಲ್ಲಿ ಗೆರೆ ಕೊನೆಗೆ ಬಾಲ ಬಿಡುತ್ತದೆ. ವೈರಸ್ಸುಗಳು ಜೀವಕೋಶದ ಚೂರುಗಳ ಜೊತೆ ಗಂಟುಕಟ್ಟಿದರೆ ಗಂಟಿನ ಒಳಗಿನವಕ್ಕೆ ಫಾರ್ಮಲಿನ್ ತಲುಪುವುದಿಲ್ಲ. 1955ರಲ್ಲಿ ಅಮೆರಿಕದ ಕಂಪನಿಯೊಂದರ ಪೋಲಿಯೊ ಲಸಿಕೆಯಲ್ಲಿ ಹೀಗೆ ಜೀವಂತ ವೈರಸ್ ಉಳಿದು ಸುಮಾರು 40,000 ಮಕ್ಕಳಿಗೆ ಸೌಮ್ಯ ಪೋಲಿಯೊ ಬಂತು, 200ರಷ್ಟು ಮಕ್ಕಳು ಪಾರ್ಶ್ವವಾಯುವಿಗೆ ಒಳಗಾದರು, 10 ಮಂದಿ ಸತ್ತರು. ಅಲ್ಲಿಂದೀಚೆಗೆ ಕೊಲ್ಲುವ ಮೊದಲು ಹಾಗೂ ನಡುವೆ ಸೂಕ್ಷ್ಮ ಫಿಲ್ಟರಿನಲ್ಲಿ ಗಂಟು ತೆಗೆಯುವುದು ವಾಡಿಕೆಯಾಯಿತು. ಅರ್ಧ ದಾರಿಯಲ್ಲಿ ದ್ರವವನ್ನು ಬೇರೊಂದು ಶುದ್ಧ ಪಾತ್ರೆಗೆ ವರ್ಗಾಯಿಸುವುದೂ ಹಾಗೆಯೇ. ಮೊದಲ ಪಾತ್ರೆಯ ಮುಚ್ಚಳದ ಅಡಿಗೆ, ಕೊಳವೆಯ ಮೂಲೆಗೆ ಸಿಡಿದ ಹನಿಗೆ ರಾಸಾಯನಿಕ ತಾಗಿರುವುದಿಲ್ಲ. ಅದು ಹಿಂದೆಯೇ ಉಳಿಯಲಿ ಎಂದು ಹೀಗೆ ಮಾಡುತ್ತಾರೆ.

ಹಾಗೆಂದು ಹೆಚ್ಚು ಹೊತ್ತು ಇಟ್ಟರೆ ಒಳ್ಳೆಯದೇ? ಫಾರ್ಮಾಲ್ಡಿಹೈಡ್ ವೈರಸ್ಸಿನ ಹೊರಕವಚದ ಪ್ರೋಟೀನನ್ನೂ ಹೆಣೆದು ಬಿಗಿಯುತ್ತದೆ. ಅತಿಯಾದರೆ ನಮ್ಮ ದೇಹ ಗುರುತಿಸಬೇಕಾದ ಆಕಾರವೇ ಅಳಿಸಿಹೋಗುತ್ತದೆ. ಲಸಿಕೆ ಸುರಕ್ಷಿತವಾಗಿರುತ್ತದೆ, ಕೆಲಸ ಮಾಡುವುದಿಲ್ಲ. ಬೀಟಾ ಪ್ರೊಪಿಯೊಲ್ಯಾಕ್ಟೋನ್ ಎಂಬ ಇನ್ನೊಂದು ರಾಸಾಯನಿಕ ಹೆಚ್ಚಾಗಿ ವೈರಸ್ಸಿನ ವಂಶವಾಹಿಯ ಮೇಲೆ ಎರಗುತ್ತದೆ, ಆಮೇಲೆ ನೀರಿನಲ್ಲಿ ತಾನೇ ಒಡೆದು ನಿರಪಾಯವಾಗುತ್ತದೆ; ರೇಬೀಸ್ ಲಸಿಕೆಗಳಲ್ಲಿ ಅದರ ಬಳಕೆ ಇದೆ. ಅದು ಒಡೆದಾಗ ಆಮ್ಲ ಹುಟ್ಟಿ ಪಿಎಚ್ ಇಳಿಯುವುದರಿಂದ ಪಿಎಚ್ ಏರಿಳಿಯದಂತೆ ಹಿಡಿದಿಡುವ ಬಫರಿನ ಲೆಕ್ಕ ಮೊದಲೇ ಸರಿಯಿರಬೇಕು.

ಇಷ್ಟಾದ ಮೇಲೆ ಶುದ್ಧೀಕರಣ. ವೀರೊದಂಥ ನಿರಂತರ ಬೆಳೆಯುವ ಜೀವಕೋಶ ಬಳಸಿದರೆ ಡೋಸಿನಲ್ಲಿ ಆ ಜೀವಕೋಶದ ಡಿಎನ್‌ಎ 10 ನ್ಯಾನೊಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಇದೇ ದಾರಿಯಲ್ಲಿ ನಮ್ಮ ರಾಜ್ಯದ ವೈರಸ್ಸಿನಿಂದಲೇ ಒಂದು ಲಸಿಕೆ ಆಗಿದೆ. ಕೋಲಾರದಲ್ಲಿ ಸಿಕ್ಕ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸಿನ ತಳಿಯನ್ನು ವೀರೊ ಜೀವಕೋಶದಲ್ಲಿ ಬೆಳೆಸಿ ಮಾಡಿದ ಜೆನ್ವ್ಯಾಕ್ 2013ರಲ್ಲಿ ಮಾರುಕಟ್ಟೆಗೆ ಬಂತು. ಅದೂ ಮಂಗನ ಕಾಯಿಲೆ ವೈರಸ್ಸಿನ ಕುಲದ್ದೇ. ಕೋಲಾರದ ವೈರಸ್ಸಿಗೆ ಆದದ್ದು ಸೊರಬದ ವೈರಸ್ಸಿಗೆ ಇಷ್ಟು ತಡವಾದುದಕ್ಕೆ ಎರಡು ಕಾರಣ ಎದ್ದು ಕಾಣುತ್ತವೆ. ಒಂದು ಮಾರುಕಟ್ಟೆ. ಜಪಾನೀಸ್ ಎನ್ಸೆಫಲೈಟಿಸ್ ಏಷ್ಯಾದ ಅರ್ಧಕ್ಕೆ ಹಬ್ಬಿದೆ. ಮಂಗನ ಕಾಯಿಲೆ ಪಶ್ಚಿಮಘಟ್ಟದ ಕೆಲವು ಜಿಲ್ಲೆಗಳದ್ದು. ಡೋಸ್ ಕೆಲವು ಲಕ್ಷವಾದರೂ ಕೋಟಿಯಾದರೂ ಕಟ್ಟಡ, ಪರೀಕ್ಷೆ, ಪರವಾನಗಿಯ ಖರ್ಚು ಹೆಚ್ಚು ಕಡಿಮೆ ಅಷ್ಟೇ. ಸರ್ಕಾರ ಖರೀದಿಯ ಭರವಸೆ ಕೊಡದೆ ಯಾವ ಕಂಪನಿಯೂ ಇದಕ್ಕೆ ಇಳಿಯದು.

ಎರಡನೆಯದು ಜೈವಿಕ ಭದ್ರತೆ. ಈ ವೈರಸ್ ಪ್ರಯೋಗಾಲಯದಲ್ಲೂ ಕೆಲಸಗಾರರಿಗೆ ಹತ್ತಿದ ಇತಿಹಾಸವಿದೆ. ಜೀವಂತ ವೈರಸ್ ಇರುವ ಕೋಣೆಯ ಒತ್ತಡ ಹೊರಗಿಗಿಂತ ಕಡಿಮೆ ಇರಬೇಕು, ಹೊರಹೋಗುವ ಗಾಳಿ ಅತಿಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ದಾಟಬೇಕು, ಚರಂಡಿಗೆ ಬಿಡುವ ಪ್ರತಿ ಹನಿಯನ್ನೂ ಮೊದಲು ಕುದಿಸಿ ಕೊಲ್ಲಬೇಕು. 1,000 ಲೀಟರ್ ತ್ಯಾಜ್ಯವನ್ನು 30 ಡಿಗ್ರಿಯಿಂದ 121 ಡಿಗ್ರಿಗೆ ಏರಿಸಲು ಸುಮಾರು 106 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಕಾದ ತ್ಯಾಜ್ಯದ ಶಾಖವನ್ನು ಒಳಬರುವ ತಣ್ಣನೆಯದಕ್ಕೆ ದಾಟಿಸಿದರೆ ಅದರ ಬಹುಪಾಲು ಉಳಿಯುತ್ತದೆ. ಆದರೆ ದಾಟಿಸುವ ತಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಕಚ್ಚಾ ತ್ಯಾಜ್ಯ ಶುದ್ಧವಾದದ್ದಕ್ಕೆ ಸೇರುತ್ತದೆ. ಆದ್ದರಿಂದ ಶುದ್ಧ ಬದಿಯ ಒತ್ತಡವನ್ನು ಯಾವಾಗಲೂ ಹೆಚ್ಚಿಟ್ಟುಕೊಳ್ಳುತ್ತಾರೆ. ಸೋರಿದರೂ ಶುದ್ಧದ್ದು ಕೊಳಕಿನ ಕಡೆಗೆ ಸೋರಲಿ ಎಂದು.

ಬ್ಯಾಚಿನ ಶಕ್ತಿ ಮೆಲ್ಲಗೆ ಕುಸಿಯುವುದನ್ನು ಹಿಡಿಯುವ ಬಗೆಯೂ ಎಂಜಿನಿಯರಿಂಗಿನದ್ದೇ. ಪ್ರತಿ ಬ್ಯಾಚಿನ ಅಂಕಿಯನ್ನು ಒಂದು ನಕ್ಷೆಯಲ್ಲಿ ಗುರುತಿಸುತ್ತ ಹೋಗಬೇಕು. ಕನಿಷ್ಠ ಮಿತಿ ದಾಟಿದ್ದರೆ ಸಾಕು ಎಂದು ಕೂರಬಾರದು. ಏಳೆಂಟು ಬ್ಯಾಚ್ ಸತತವಾಗಿ ಸರಾಸರಿಗಿಂತ ಕೆಳಗೆ ಬಿದ್ದರೆ, ಎಲ್ಲವೂ ಪಾಸಾಗಿದ್ದರೂ, ತಯಾರಿಕೆ ನಿಲ್ಲಿಸಿ ಮೊಟ್ಟೆಯ ಮೂಲ, ಜೀವಕೋಶ ಬಿಡಿಸುವ ಕಿಣ್ವವಾದ ಟ್ರಿಪ್ಸಿನ್ನಿನ ಲಾಟು, ಬ್ಯಾಚ್ ಶುರುಮಾಡಲು ಹಾಕುವ ಬೀಜ ವೈರಸ್ಸಿನ ಪೀಳಿಗೆ, ಒಂದೊಂದನ್ನೇ ತಪಾಸಣೆ ಮಾಡಬೇಕು. ಎ4 ಹಾಳೆಯಲ್ಲಿ ಮಾಡಬಹುದಾದ ಕೆಲಸ ಇದು. ಮಾಡುವ ಶಿಸ್ತು ಇರುವ ಜನ ಬೇಕು.

ಈ ಜನ ಎಲ್ಲಿಂದ ಬರಬೇಕು? ಪಿಯುಸಿಯಲ್ಲಿ ಗಣಿತ ಬಿಟ್ಟವರಿಗೆ ಎಂಜಿನಿಯರಿಂಗಿನ ಬಾಗಿಲು ಮುಚ್ಚುತ್ತದೆ, ಸಿಇಟಿಗೆ ಭೌತಶಾಸ್ತ್ರದ ಜೊತೆ ಗಣಿತ ಕಡ್ಡಾಯ. ಜೀವಶಾಸ್ತ್ರದ ಆಸೆ ಇದ್ದರೂ ಗಣಿತ ಇಟ್ಟುಕೊಂಡು ಪಿಸಿಎಂಬಿ ಓದುವುದು ಸುರಕ್ಷಿತ. ಬಿಇ ಮಟ್ಟದಲ್ಲಿ ಕೆಮಿಕಲ್ ಓದಬೇಕೋ ಬಯೊಟೆಕ್ನಾಲಜಿ ಓದಬೇಕೋ ಎಂದು ಕೇಳುವವರಿಗೆ ನಮ್ಮ ಸಲಹೆ ಕೆಮಿಕಲ್. ದ್ರವದ ಹರಿವು, ಶಾಖ ವರ್ಗಾವಣೆ, ದ್ರವ್ಯ ಸಮತೋಲ, ರಿಯಾಕ್ಟರ್, ನಿಯಂತ್ರಣ, ಇವುಗಳ ಬುನಾದಿ ಅಲ್ಲಿ ಗಟ್ಟಿ. ಜೀವಶಾಸ್ತ್ರವನ್ನು ಆಮೇಲೆ ಕಲಿಯಬಹುದು, ತಿರುವುಮುರುವು ಕಷ್ಟ. ಬಯೊಟೆಕ್ನಾಲಜಿ ಬಿಇ ಮುಗಿಸಿ ನೇರ ಕೆಲಸ ಹುಡುಕುವವರು ಹೆಚ್ಚಾಗಿ ಗುಣಪರೀಕ್ಷೆಯ ಮೇಜಿಗೆ ಸೀಮಿತರಾಗುತ್ತಾರೆ. ಎಂಟೆಕ್ ಮಾಡಿದರೆ ಚಿತ್ರ ಬದಲಾಗುತ್ತದೆ. ಸುರತ್ಕಲ್ಲಿನ ಎನ್‌ಐಟಿಕೆ, ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆ, ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಕೆಮಿಕಲ್ ಶಾಖೆ ಇದೆ. ಬಿಎಸ್ಸಿ ದಾರಿ ಹಿಡಿದವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಯೊಟೆಕ್ನಾಲಜಿ, ಮೈಕ್ರೊಬಯಾಲಜಿ, ಕೈಗಾರಿಕಾ ರಸಾಯನಶಾಸ್ತ್ರದ ಎಂಎಸ್ಸಿ ಉಂಟು.

ಸಂಶೋಧನೆಗೆ ಹೋಗುವುದಾದರೆ ಎಂಟೆಕ್, ಪಿಎಚ್‌ಡಿ ಪ್ರವೇಶಕ್ಕೆ ನಡೆಯುವ ಗೇಟ್ ಪರೀಕ್ಷೆಯಲ್ಲಿ ಕೆಮಿಕಲ್ ಮತ್ತು ಬಯೊಟೆಕ್ನಾಲಜಿಗೆ ಬೇರೆ ಬೇರೆ ಪತ್ರಿಕೆಗಳಿವೆ. 3 ಗಂಟೆ, 65 ಪ್ರಶ್ನೆ, 100 ಅಂಕ. ಜೂನಿಯರ್ ರಿಸರ್ಚ್ ಫೆಲೊಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ ಸೀನಿಯರ್ ಆದರೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ದೊಡ್ಡ ಸಂಬಳವಲ್ಲ, ಆದರೆ ಮನೆಗೆ ಹೊರೆಯಾಗದೆ ಪಿಎಚ್‌ಡಿ ಮಾಡಲು ಸಾಕು.

ಲಸಿಕೆ ಕಾರ್ಖಾನೆಯ ಸಂದರ್ಶನದಲ್ಲಿ ವ್ಯಾಖ್ಯೆ ಕೇಳುವುದು ಕಡಿಮೆ. ಫಿಲ್ಟರಿನ ಹರಿವು ಅರ್ಧ ಬ್ಯಾಚಿಗೇ ಇಳಿದರೆ ಏನು ನೋಡುತ್ತೀರಿ, ಇಂಜೆಕ್ಷನ್ನಿನ ನೀರಿನಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರುವ ವಿಷ) ಮಿಲಿಲೀಟರಿಗೆ 0.25 ಯೂನಿಟ್ ಮೀರಿದರೆ ಎಲ್ಲಿಂದ ಹುಡುಕಲು ಶುರು ಮಾಡುತ್ತೀರಿ ಎಂಬಂಥ ಪ್ರಶ್ನೆ ಬರುತ್ತವೆ. ಮೊದಲ ಎರಡು ವರ್ಷ ಪಾಳಿಯ ಕೆಲಸ, ತಲೆಯಿಂದ ಕಾಲಿನವರೆಗೆ ಮುಚ್ಚಿದ ಗೌನು, ಮಾಡಿದ್ದನ್ನೆಲ್ಲ ಮಾಡಿದ ಕ್ಷಣದಲ್ಲೇ ಬರೆಯುವ ಬ್ಯಾಚ್ ದಾಖಲೆ. ಬರೆಯದ ಕೆಲಸ ಮಾಡದ ಕೆಲಸವೆಂದೇ ಲೆಕ್ಕ. ಇದನ್ನು ಗುಮಾಸ್ತಗಿರಿ ಎಂದು ಬಿಟ್ಟುಹೋಗುವ ಹುಡುಗರು ಬಹಳ. ಆದರೆ ಒಂದು ಬ್ಯಾಚ್ ಯಾಕೆ ಕೆಟ್ಟಿತು ಎಂಬ ಉತ್ತರ ಸಿಗುವುದು ಆ ದಾಖಲೆಯಲ್ಲೇ, ಅದನ್ನು ಓದಬಲ್ಲವನಿಗೇ.

ಈ ವಿದ್ಯೆ ಜಿಲ್ಲೆಗೆ ಪರಕೀಯವಲ್ಲ ಎಂಬುದನ್ನೂ ಹೇಳಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದರ ಜೊತೆ ಮರದ ಬಟ್ಟಿ ಇಳಿಸುವ ಘಟಕವಿತ್ತು. ಮಲೆನಾಡಿನ ಮರವನ್ನು ಗಾಳಿಯಿಲ್ಲದೆ ಕಾಯಿಸಿ ಕುಲುಮೆಗೆ ಇದ್ದಿಲು ತೆಗೆಯುವಾಗ ಮೆಥನಾಲ್, ಅಸಿಟೇಟ್, ಟಾರುಗಳನ್ನೂ ಹಿಡಿದಿಡುತ್ತಿದ್ದರು. 1936ರಲ್ಲಿ ಕಾಗದದ ಕಾರ್ಖಾನೆಯೂ ಬಂತು. ಆ ಕಾಗದದ ಯಂತ್ರಗಳು ಈಗ ನಿಂತಿವೆ, ಕೆಲಸ ಬಲ್ಲವರು ಊರು ಬಿಟ್ಟರು.

ಇಲ್ಲೇ ಕೂತು ಮಾಡಬೇಕಾದ ಸಂಶೋಧನೆ ಸಾಕಷ್ಟಿದೆ. ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಹಂಚುವ ಡೆಪಾ ತೈಲ ಬೆವರಿನಲ್ಲಿ ತೊಳೆದು, ಬಿಸಿಲಿನಲ್ಲಿ ಆರಿ ಹೋಗುತ್ತದೆ. ಸೂಕ್ಷ್ಮ ಕೋಶಗಳಲ್ಲಿ ಅದನ್ನು ಬಂಧಿಸಿ ನಿಧಾನವಾಗಿ ಬಿಡುವಂತೆ ಮಾಡುವುದು ಅಪ್ಪಟ ಕೆಮಿಕಲ್ ಎಂಜಿನಿಯರಿಂಗಿನ ಪ್ರಶ್ನೆ. ಅಡಿಕೆ ಬೇಯಿಸಿ ಉಳಿದ ಚೊಗರಿನ ಒಗರು ಅಂಶವಾದ ಟ್ಯಾನಿನ್ ಹಳ್ಳಕ್ಕೆ ಸೇರದಂತೆ ಬೇರ್ಪಡಿಸುವುದು ಇನ್ನೊಂದು.

ಎಲ್ಲಕ್ಕಿಂತ ಹತ್ತಿರದ್ದು ಲಸಿಕೆಯ ಕೊನೆಯ ಮೈಲಿ. ಅಲ್ಯೂಮಿನಿಯಂ ಲವಣ ಸೇರಿದ ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು; ಬಿಸಿಗಿಂತ ಅದಕ್ಕೆ ಹೆಪ್ಪುಗಟ್ಟುವುದು ಹೆಚ್ಚು ಅಪಾಯ. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋದಾಗ ಲಸಿಕೆ ಕೆಟ್ಟೀತೆಂಬ ಗಾಬರಿಯಲ್ಲಿ ಗಟ್ಟಿ ಐಸಿನ ಮಗ್ಗುಲಲ್ಲೇ ಇಟ್ಟರೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಕರಗಿದ ಮೇಲೆ ನೋಡಲು ಎಂದಿನಂತೆಯೇ ಇರುತ್ತದೆ, ಶಕ್ತಿ ಇರುವುದಿಲ್ಲ. ರೇಬೀಸ್ ಲಸಿಕೆಯ ಹಾಗೆ ಒಣಪುಡಿ ಮಾಡೋಣವೆಂದರೆ ಒಣಗಿಸಲು ಮೊದಲು ಹೆಪ್ಪುಗಟ್ಟಿಸಬೇಕು, ಅಲ್ಯೂಮಿನಿಯಂ ಅದಕ್ಕೆ ತಾಳದು. ಕಣಗಳು ಅಂಟದಂತೆ ಸಕ್ಕರೆಯಂಥ ರಕ್ಷಕವನ್ನು ಬೆರೆಸಿ ಬಹುವೇಗವಾಗಿ ಹೆಪ್ಪುಗಟ್ಟಿಸುವ ದಾರಿಗಳನ್ನು ಸಂಶೋಧಕರು ಹುಡುಕುತ್ತಿದ್ದಾರೆ. ಅಲ್ಲಿಯವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಳಿಯುವುದು ಅಲುಗಾಡಿಸುವ ಪರೀಕ್ಷೆ. ಅದೇ ಲಾಟಿನ ಒಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಬೇಕು. ಅದನ್ನೂ ಅನುಮಾನದ ಸೀಸೆಯನ್ನೂ ಒಟ್ಟಿಗೆ ಅಲುಗಾಡಿಸಿ ಸಮತಟ್ಟು ಮೇಜಿನ ಮೇಲಿಟ್ಟು ಅರ್ಧ ಗಂಟೆ ನೋಡಬೇಕು. ಎರಡರಲ್ಲೂ ಬಿಳಿ ಮಡ್ಡಿ ಒಂದೇ ವೇಗದಲ್ಲಿ ತಳಕ್ಕೆ ಇಳಿದರೆ ಆ ಪೆಟ್ಟಿಗೆಯ ಒಂದು ಸೀಸೆಯನ್ನೂ ಯಾರ ತೋಳಿಗೂ ಚುಚ್ಚಬಾರದು.